ಗೂಡಿನ ಮಾರುಕಟ್ಟೆಯ ಲೆಕ್ಕ ಕೊಡಿ, ಕನ್ನಡದಲ್ಲಿ ಕೊಡಿ!

(ಚಿಕ್ಕಬಳ್ಳಾಪುರದ ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ನಾಮಫಲಕದ ಮಾತು ಇವತ್ತು ಬೇಡ. ಇವತ್ತು ಲೆಕ್ಕದ ಮಾತು. ಎದ್ದು ಹೋಗಬೇಡಿ!

ನಿಮ್ಮಲ್ಲಿ ಎಷ್ಟೋ ಜನ ಬೆಳಗಾದರೆ ಬೆಂಗಳೂರಿನ ಬಸ್ಸು ಹತ್ತುವವರು. ಅದೇ ಹೊತ್ತಿಗೆ ಚಿಂತಾಮಣಿ ಕಡೆಯ ರೈತ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಬಂದಿರುತ್ತಾನೆ. ಅವನ ಗೂಡು ಕೊಳ್ಳುವ ರೀಲರ್‌ಗೆ 1959ರ ಕಾಯ್ದೆಯಂತೆ ರೇಷ್ಮೆ ಇಲಾಖೆಯ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಶುಲ್ಕ, ವಹಿವಾಟಿಗೆ ಮಾರುಕಟ್ಟೆ ಶುಲ್ಕ. ಲೈಸೆನ್ಸ್ ಕೊಡುವುದು, ಮಾರುಕಟ್ಟೆ ನಡೆಸುವುದು, ಶುಲ್ಕ ಎಣಿಸುವುದು ಎಲ್ಲವೂ ಒಂದೇ ಇಲಾಖೆ! ಹಾಗಾದರೆ ಹೊರಗಿನ ಕಣ್ಣು ಯಾವುದು?

ಮಹಾಲೇಖಪಾಲರಿದ್ದಾರೆ, ನಿಜ. ರಸೀದಿಗೂ ಖಜಾನೆಗೂ ತಾಳೆಯಾದರೆ ಹಣದ ಲೆಕ್ಕ ಮುಗಿಯಿತು. ಆದರೆ ಕೆಲಸದ ಲೆಕ್ಕ? ಲೈಸೆನ್ಸಿಗೆ ಅರ್ಜಿ ಹಾಕಿದವನು ಎಷ್ಟು ದಿನ ಅಲೆದ? ತೂಕದ ಯಂತ್ರಕ್ಕೆ ಮುದ್ರೆ ಬಿದ್ದದ್ದು ಯಾವಾಗ? ಗೂಡಿನ ದುಡ್ಡು ತಡವಾಯಿತೆಂದು ರೈತ ಕೊಟ್ಟ ದೂರು ಏನಾಯಿತು? ತಪ್ಪು ಮಾಡಿದ ಎಷ್ಟು ಲೈಸೆನ್ಸ್ ರದ್ದಾದವು? ಒಂದು ಬೆಳೆಯ ಗೂಡಿಗೆ ಇಡೀ ಮನೆ ಹಗಲು ರಾತ್ರಿ ಸೊಪ್ಪು ಹಾಕಿರುತ್ತದೆ. ಕಿಲೋದಲ್ಲಿ ನೂರು ಗ್ರಾಂ ಹೋದರೆ ಅದು ಯಾವ ರಸೀದಿಯಲ್ಲೂ ಕಾಣುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದರು. ಅವರ ಸೀಮೆಯವರಾದ ನಾವು ಒಂದು ತಕ್ಕಡಿಯನ್ನು ಪ್ರಶ್ನಿಸಲು ಹೆದರುವುದೇ?

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಓದಿ. ಪರವಾನಗಿ ಪಡೆದವರ ವಿವರ, ಕಚೇರಿಯ ಆಯವ್ಯಯ, ಇವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಅಲ್ಲೇ ಇದೆ. ಕನ್ನಡ ಆಡಳಿತ ಭಾಷೆ ಎಂಬ ಕಾನೂನಂತೂ 1963ರದ್ದು. ಶಿಡ್ಲಘಟ್ಟದಲ್ಲಿ ಎಷ್ಟೋ ರೈತರ ಮನೆಮಾತು ತೆಲುಗು, ಎಷ್ಟೋ ರೀಲರ್‌ಗಳದು ಉರ್ದು. ಇರಲಿ, ಅವರೂ ನಮ್ಮವರೇ. ಅವರಿಬ್ಬರ ನಡುವಿನ ಕಾಗದ ಕನ್ನಡದ್ದಾಗಲಿ. ಇಂಗ್ಲಿಷಿನ ಲೆಕ್ಕ ಇಬ್ಬರಿಗೂ ಬೇಡ.

ಪ್ರಕಟಿಸದಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪವಾಗುತ್ತದೆ! ಶುಲ್ಕದ ಜಮಾ-ಖರ್ಚು ಒಂದು ಅರ್ಜಿ, ಲೈಸೆನ್ಸ್ ಮತ್ತೊಂದು, ತೂಕದ ತಪಾಸಣೆ ಇನ್ನೊಂದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ.

ಮೂರು ಅರ್ಜಿ, ಮೂವತ್ತು ರೂಪಾಯಿ. ಈಗಲೇ ಬರೆಯೋಣ, ಪೆನ್ನು ಯಾರ ಹತ್ತಿರ ಇದೆ?