ಪಂಕ್ತಿಯಿಂದ ಏಳುವಾಗ

ಮುಪ್ಪು ಮೊದಲು ಬರುವುದು ಎಲ್ಲಿಗೆ? ಕೂದಲಿಗೆ ಎನ್ನುವವರುಂಟು, ಹಲ್ಲಿಗೆ ಎನ್ನುವವರುಂಟು. ಅದು ಬಂದಿದೆಯೆಂದು ನನಗೆ ಗೊತ್ತಾದುದು ನೆಂಟರ ಮನೆಯ ಉಪನಯನದ ಊಟದಲ್ಲಿ. ಮಜ್ಜಿಗೆ ಮುಗಿದು ಪಂಕ್ತಿಯವರೆಲ್ಲ ಎದ್ದರು. ನಾನೂ ಏಳಹೊರಟೆ, ದೇಹ ಏಳಲಿಲ್ಲ. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈಯನ್ನು ಮಂಡಿಗೆ ಕೊಟ್ಟು ನೋಡಿದೆ, ನೆಲಕ್ಕೆ ಕೊಟ್ಟು ನೋಡಿದೆ. ಕೊನೆಗೆ ಎಲೆ ತೆಗೆಯಲು ಬಂದ ಹುಡುಗ ರಟ್ಟೆ ಹಿಡಿದು ಎತ್ತಿದ. ಅವನು ಮರುಕ್ಷಣವೇ ಅದನ್ನು ಮರೆತಿರಬೇಕು; ನಾನು ಮರೆಯಲಿಲ್ಲ.

ಈ ಪೇಚನ್ನೇ ಬ್ರೆಜಿಲ್ ದೇಶದ ವೈದ್ಯರು ಒಂದು ಪರೀಕ್ಷೆಯನ್ನಾಗಿ ಮಾಡಿದ್ದಾರೆಂದು ಆಮೇಲೆ ಓದಿದೆ. ರಿಯೊ ಡಿ ಜನೈರೊ ನಗರದ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರ ಪರೀಕ್ಷೆ ಅದು. ನಿಂತವನು ಬರಿಯ ನೆಲದ ಮೇಲೆ ಕುಳಿತು ಮತ್ತೆ ಏಳಬೇಕು. ಕುಳಿತುಕೊಳ್ಳುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯನ್ನೋ ಮಂಡಿಯನ್ನೋ ಆಸರೆಗೆ ಊರಿದರೆ ಪ್ರತಿ ಸಲಕ್ಕೂ ಒಂದು ಅಂಕ ಹೋಯಿತು. ದೇಹ ತೂಗಾಡಿದರೆ ಅರ್ಧ ಅಂಕ. 51ರಿಂದ 80 ವಯಸ್ಸಿನ 2002 ಜನರನ್ನು ಹೀಗೆ ಪರೀಕ್ಷಿಸಿ, ಸರಾಸರಿ ಆರು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಡಿಮೆ ಅಂಕ ಪಡೆದವರಲ್ಲಿ ಸಾವು ಹೆಚ್ಚಾಗಿತ್ತು. ಎಲೆ ತೆಗೆಯುವ ಹುಡುಗನ ಕೈಗೆ ಎಷ್ಟು ಅಂಕ ಕಳೆಯಬೇಕೆಂದು ಮಾತ್ರ ಅವರು ಹೇಳಿಲ್ಲ.

2022ರಲ್ಲಿ ಅದೇ ಅರೌಜೊ ಅವರ ತಂಡದಿಂದ ಇನ್ನೊಂದು ವರದಿ ಬಂತು. ಈ ಸಲದ ಪರೀಕ್ಷೆ ಇನ್ನೂ ಸರಳ: ಆಸರೆಯಿಲ್ಲದೆ ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲುವುದು. 51ರಿಂದ 75 ವಯಸ್ಸಿನ 1702 ಜನರಲ್ಲಿ ಐವರಿಗೊಬ್ಬರಂತೆ ಸೋತರು. ಎಪ್ಪತ್ತು ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ. ಮುಂದಿನ ಸುಮಾರು ಏಳು ವರ್ಷಗಳಲ್ಲಿ, ನಿಲ್ಲಬಲ್ಲವರ ಪೈಕಿ ನೂರಕ್ಕೆ 4.6 ಮಂದಿ ತೀರಿಕೊಂಡರೆ ನಿಲ್ಲಲಾರದವರಲ್ಲಿ ನೂರಕ್ಕೆ 17.5. ಸೋತವರು ವಯಸ್ಸಿನಲ್ಲಿಯೂ ಹಿರಿಯರು, ರೋಗಗಳೂ ಅವರಿಗೆ ಹೆಚ್ಚು. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆಯೂ ಅಂತರ ಪೂರ್ತಿ ಅಳಿಯಲಿಲ್ಲ. ಕಾಲು ಅದುರಿದುದೇ ಸಾವಿಗೆ ಕಾರಣವೆಂದಲ್ಲ. ಒಳಗಿನ ಸ್ಥಿತಿಗೆ ಅದೊಂದು ಸಾಕ್ಷಿ.

ಏಕೆಂದರೆ ನಿಲ್ಲುವುದು ಕಾಲೊಂದರ ಕೆಲಸವಲ್ಲ. ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳು ಸುದ್ದಿ ಕಳುಹಿಸುತ್ತವೆ; ಮಿದುಳು ಅದನ್ನು ಕೂಡಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ವಯಸ್ಸಾದವರು ಜೋಲಿ ಹೊಡೆಯುವುದನ್ನು ನೀವು ಬಲ್ಲಿರಿ. ಮಿಕ್ಕವರ ಆಲಸ್ಯವನ್ನು ಅಷ್ಟು ಹೊತ್ತೂ ಕಣ್ಣೊಂದೇ ಮುಚ್ಚಿಟ್ಟಿತ್ತು.

ಉಪನಯನದ ಸಂಗತಿ ಮನೆಯಲ್ಲಿ ತಿಳಿದ ಮೇಲೆ ನನ್ನ ಸುತ್ತ ಒಂದು ಏರ್ಪಾಡಾಯಿತು. ಊಟ ಮೇಜಿಗೆ ಬಂತು. ಕುರ್ಚಿಗೆ ದಿಂಬು ಬಂತು. ನೀರಿಗೆಂದು ಎದ್ದರೆ ಸೊಸೆ, “ನೀವು ಏಳಬೇಡಿ ಮಾವ, ನಾನು ತಂದುಕೊಡುತ್ತೇನೆ” ಎನ್ನುವಳು. ಆ ಮಾತಿನಲ್ಲಿರುವುದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಹಗಲಿಗೆ ಇಪ್ಪತ್ತು ಸಲ ಏಳುತ್ತಿದ್ದವನು ಐದು ಸಲ ಎದ್ದರೆ ತೊಡೆಯ ಸ್ನಾಯು ಇನ್ನಷ್ಟು ಸೊರಗುತ್ತದೆ. ಸೊರಗಿದ ಕಾಲು ಬೀಳುವ ಭಯವನ್ನು ಹೆಚ್ಚಿಸುತ್ತದೆ. ಭಯ ಮತ್ತೆ ಕುರ್ಚಿಗೇ ಕೂಡಿಸುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸಿ ತಪ್ಪುಮಾಡಿದೆವೋ ಏನೋ.

ಕಳೆದುಕೊಂಡ ಬಲ ಮರಳುವುದೇ? ಅಮೆರಿಕದ ಬಾಸ್ಟನ್ ನಗರದಲ್ಲಿ ಮರಿಯಾ ಫಿಯಾತರೋನೆ ಎಂಬ ವೈದ್ಯೆ, ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. 1990ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಂಬತ್ತು ಮಂದಿ ಅದನ್ನು ಪೂರೈಸಿದರು, ಅವರ ಕಾಲಿನ ಬಲ ಸರಾಸರಿ ಇಮ್ಮಡಿಯನ್ನೂ ಮೀರಿತು. ಇಬ್ಬರು ನಡೆಯುವಾಗ ಊರುತ್ತಿದ್ದ ಕೋಲನ್ನು ಬಿಟ್ಟರು. ತೊಂಬತ್ತರಲ್ಲಿ!

ಇದನ್ನು ಸೊಸೆಗೆ ಓದಿ ಹೇಳಿದೆ. ಅವಳು ಒಪ್ಪಿದಳು, ಆದರೆ ಕರಾರಿನ ಮೇಲೆ. ವೈದ್ಯರನ್ನು ಕೇಳಿಯಾದ ಮೇಲೆ ದಿನವೂ ಬೆಳಿಗ್ಗೆ ಕೈಯೂರದೆ ಹತ್ತು ಸಲ ಕುರ್ಚಿಯಿಂದ ಏಳುತ್ತೇನೆ. ಆಮೇಲೆ ಅಡಿಗೆಮನೆಯ ಕಟ್ಟೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುತ್ತೇನೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ ಗಟ್ಟಿಯಾಗಿ ಎಣಿಸುತ್ತಾಳೆ. ಬಲಗಾಲು ಹತ್ತನ್ನು ಮುಟ್ಟಿದೆ. ಎಡಗಾಲು ಇನ್ನೂ ಏಳರಲ್ಲಿದೆ. ಕುಡಿಯುವ ನೀರನ್ನು ನಾನೇ ಎದ್ದು ತಂದುಕೊಳ್ಳುತ್ತೇನೆ.