ಘಟ್ಟದ ಮೇಲಿನ ತಾಳವಾಡಿ



ತಾಳವಾಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಪಂಡಿತನಲ್ಲ, ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತ ಬಂದ ಉಪಾಧ್ಯಾಯ. ಆದುದರಿಂದ ಭೂಗೋಳದಿಂದಲೇ ಪ್ರಾರಂಭಿಸುತ್ತೇನೆ. ಈ ಸೀಮೆಯ ಚರಿತ್ರೆಯ ಅರ್ಧಭಾಗ ಅದರ ನೆಲದಲ್ಲಿಯೇ ಅಡಗಿದೆ.

ಸತ್ಯಮಂಗಲದಿಂದ ಉತ್ತರಕ್ಕೆ ಹೊರಟರೆ ಬಣ್ಣಾರಿ ಅಮ್ಮನ ಗುಡಿಯ ಬಳಿ ಕೆಳನಾಡು ಮುಗಿಯುತ್ತದೆ. ಅಲ್ಲಿಂದ ದಿಂಬಂ ಘಟ್ಟ. 27 ಕಡಿದಾದ ತಿರುವುಗಳನ್ನು ಏರಿ, ಮೇಲಿನ ಅಡವಿಯನ್ನು ದಾಟಿದರೆ ಕಾಣುವ ಎತ್ತರದ ಬಯಲೇ ತಾಳವಾಡಿಯ ಸೀಮೆ. ದಕ್ಷಿಣಕ್ಕೆ ಕಾಡೂ ಕಣಿವೆಯೂ ಅಡ್ಡವಾಗಿವೆ. ಉತ್ತರಕ್ಕೆ ಚಾಮರಾಜನಗರದ ಕಡೆಗೆ ನೆಲ ತೆರೆದುಕೊಂಡಿದೆ. ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಿಂದ ಘಟ್ಟದ ದಾರಿಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧ ಬಂದಿದೆ. ಹೀಗೆ ಜಿಲ್ಲೆಯ ಕಚೇರಿ ಘಟ್ಟದ ಕೆಳಗೆ, ನಮ್ಮ ಸಂತೆ ನಂಟಸ್ತಿಕೆಗಳು ಬಯಲಿನ ಆಚೆಗೆ.

ನೀರಿನ ನಡೆಯನ್ನೂ ಗಮನಿಸಿರಿ. ಈ ಬಯಲಿನ ಮಳೆನೀರು ಉತ್ತರಕ್ಕೆ ಹರಿದು, ಚಿಕ್ಕಹೊಳೆ ಸುವರ್ಣಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಘಟ್ಟದ ದಕ್ಷಿಣಕ್ಕೆ ಬಿದ್ದ ಮಳೆ ಮೋಯಾರಿಗೆ ಇಳಿದು, ಭವಾನಿಯನ್ನು ಕೂಡಿ, ಭವಾನಿ ಪಟ್ಟಣದ ಸಂಗಮದಲ್ಲಿ ಅದೇ ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡದ ನೀರು ಎರಡು ದಾರಿ ಹಿಡಿದರೂ ಕೊನೆಗೆ ಒಂದಾಗುತ್ತದೆ.

ಇನ್ನು ಚರಿತ್ರೆ. ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತ ದಣಾಯಕನಕೋಟೆ ಘಟ್ಟದ ಬುಡದಲ್ಲಿತ್ತು. ಭವಾನಿಸಾಗರ ಜಲಾಶಯದಲ್ಲಿ ಅದು ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿನ ಗುಡಿಯ ಕಲ್ಲುಗಳು ಮೇಲೆ ಕಾಣುತ್ತವೆ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಈ ಕಡೆಯ ನಾಡು ಮೈಸೂರಿಗೆ ಸೇರಿತು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಗಜ್ಜಲಹಟ್ಟಿಯ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರೊಡನೆ ಕಾದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು. ಅದರೊಡನೆ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸಿನ ಆಳ್ವಿಕೆಗೆ ಒಳಗಾದವು.

ಭಾಷಾವಾರು ಪ್ರಾಂತಗಳು ಆದ 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂದಿತು. ಬೇರೆ ತಾಲೂಕಿನ ಲೆಕ್ಕದಲ್ಲಿದ್ದ ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು. 1979ರಲ್ಲಿ ಆ ಜಿಲ್ಲೆ ಒಡೆದಾಗ ಇದು ಇಂದಿನ ಈರೋಡು ಜಿಲ್ಲೆಯ ಪಾಲಿಗೆ ಬಂದಿತು. ಈಗ ತಾಳವಾಡಿಯೇ ತಾಲೂಕಿನ ಕೇಂದ್ರ.

ಗಡಿ ಸರಿದರೂ ಬಾಳು ಸರಿಯಲಿಲ್ಲ. ರಾಗಿ ಬೆಳೆಯುವ ಹೊಲ, ಸೋಲಿಗರ ಹಾಡಿಗಳು, ದೀಪಾವಳಿ ಕಳೆದ ಮೇಲೆ ಗುಮಟಾಪುರದಲ್ಲಿ ನಡೆಯುವ ಗೊರೆ ಹಬ್ಬ, ಇವೆಲ್ಲ ಇಂದಿಗೂ ಕನ್ನಡದಲ್ಲಿ ಉಸಿರಾಡುತ್ತಿವೆ. 1929ರಲ್ಲಿ ಡಾ. ರಾಜಕುಮಾರ್ ಅವರು ಹುಟ್ಟಿದ್ದು ಇದೇ ಸೀಮೆಯ ಗಾಜನೂರಿನಲ್ಲಿ. ಅವರಿಗೆ ಶಾಲೆಯ ಓದು ಅಲ್ಪ. ತಂದೆ ಪುಟ್ಟಸ್ವಾಮಯ್ಯನವರು ನಾಟಕದ ನಟರು. ಮನೆಯಲ್ಲಿಯೂ ರಂಗದ ಮೇಲೆಯೂ ಕಿವಿಗೆ ಬಿದ್ದ ನುಡಿಯೇ ಅವರ ವಿದ್ಯೆಯಾಯಿತು.

ಆದರೆ ಬಂಧುಗಳೇ, ಕಿವಿಯ ಕನ್ನಡವೊಂದೇ ಸಾಲದೆಂದು ನನಗೆ ತೋರಿಸಿಕೊಟ್ಟವನು ಒಬ್ಬ ಹುಡುಗ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಲೆಕ್ಕದ ಪುಸ್ತಕವೊಂದನ್ನು ಅವನು ನನ್ನಲ್ಲಿಗೆ ತಂದ. ಮನೆಮಾತು ಅಚ್ಚ ಕನ್ನಡ. ತಮಿಳು, ಇಂಗ್ಲಿಷು ಚೆನ್ನಾಗಿ ಓದಬಲ್ಲ. ಅಜ್ಜನ ಅಕ್ಷರ ಮಾತ್ರ ಗೊತ್ತಿಲ್ಲ. ಯಾರಿಗೆ ಎಷ್ಟು ಪಲ್ಲ ರಾಗಿ ಕೊಟ್ಟದ್ದು, ಬಾವಿ ತೋಡಿಸಿದ್ದು, ಮದುವೆಯ ಖರ್ಚು, ಎಲ್ಲವನ್ನೂ ಓದಿ ಹೇಳಿದೆ. ಕೊನೆಗೆ ಅವನು, "ಮೇಷ್ಟ್ರೇ, ನಮ್ಮಜ್ಜಿಯ ಹೆಸರು ಯಾವ ಸಾಲಿನಲ್ಲಿದೆ? ತೋರಿಸಿ" ಎಂದು ಕೇಳಿ, ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತ. ಅಷ್ಟು ವರ್ಷ ಪಾಠ ಹೇಳಿದ ನನಗೆ ಅಂದು ಮಾತು ಹೊರಡಲಿಲ್ಲ.

ನಮ್ಮ ಗಡಿಯನ್ನು ಎಳೆದ ದಿನದಂದೇ ಸಂವಿಧಾನದ 350ಎ ವಿಧಿಯೂ ಜಾರಿಗೆ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗುವಂತೆ ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. ಆದರೆ ಬೆಂಚಿನ ಮೇಲೆ ಮಕ್ಕಳಿಲ್ಲದಿದ್ದರೆ ಯಾವ ವಿಧಿ ತಾನೇ ಏನು ಮಾಡೀತು?

2006ರ ಕಾಯಿದೆಯು ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ವಿಧಿಸಿತು. ತಮಿಳನ್ನು ಸಂತೋಷದಿಂದ ಕಲಿಯೋಣ. ಅದು ನಮ್ಮ ನೆರೆಯವರ ನುಡಿ, ಕಚೇರಿಯ ನುಡಿ, ಸಂಪನ್ನವಾದ ನುಡಿ. ಅದನ್ನು ಕಲಿಯುವುದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಕನ್ನಡ ಶಾಲೆಯಿರುವ ಊರಿನಲ್ಲಿ ಮಗುವನ್ನು ಅಲ್ಲಿಗೆ ಸೇರಿಸಿರಿ. ಇಲ್ಲದ ಊರಿನಲ್ಲಿ ಸಂಜೆ ಒಂದು ಗಳಿಗೆ ಜಗಲಿಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿರಿ. ಮನೆಯ ಹಿರಿಯರ ಹೆಸರುಗಳನ್ನು ಬರೆಯಿಸುವುದರಿಂದಲೇ ಪಾಠ ಆರಂಭವಾಗಲಿ.

ಇಷ್ಟೇ ನನ್ನ ಅರಿಕೆ.