ಪುರದ ಸಗಣಿ ಲೆಕ್ಕ



ಬೀಜಧನ ಎಂದೊಡನೆ ನಮ್ಮ ಕಾಲೇಜುಗಳಲ್ಲಿ ಈಗ ಎಲ್ಲರಿಗೂ ಸ್ಟಾರ್ಟ್‌ಅಪ್ ನೆನಪಾಗುತ್ತದೆ. ನನ್ನ ಮಾತು ಅದಕ್ಕೂ ಹಿಂದಿನ ಹಂತದ್ದು. ಮಾರುವ ಸರಕಿಲ್ಲ, ತಲೆಯಲ್ಲೊಂದು ಅನುಮಾನ ಮಾತ್ರ ಇದೆ. ಆಗ ಸಂಶೋಧಕನ ಕೈಗೆ ಯಾರಾದರೂ ಇಡಬೇಕಾದ ಸಣ್ಣ ಮೊತ್ತ.

ಒಂದು ಉದಾಹರಣೆ ಹೇಳುತ್ತೇನೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ‘ಅಸ್ತ್ರ’ ಎಂಬ ಕಾರ್ಯಕ್ರಮ ಶುರುವಾಯಿತು. ಅದರ ಮುಂದಾಳು ಅಮೂಲ್ಯ ಕೆ. ಎನ್. ರೆಡ್ಡಿ ವಿದ್ಯುತ್‌ರಸಾಯನ ಶಾಸ್ತ್ರದ ದೊಡ್ಡ ಹೆಸರು. ರಸಾಯನಶಾಸ್ತ್ರಜ್ಞ ಬೋಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕವನ್ನು ಹೊರದೇಶಗಳಲ್ಲೂ ಓದುತ್ತಾರೆ. ಅಂಥವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೊತ್ತು ತರುವವರು ಯಾರು ಎಂದು ಲೆಕ್ಕ ಹಾಕಿದರು. ಸಹೋದ್ಯೋಗಿಗಳಲ್ಲಿ ಕೆಲವರಾದರೂ ಹುಬ್ಬೇರಿಸಿರಬೇಕು!

ಆ ತಾಲ್ಲೂಕಿನ ಪುರ ಎಂಬ ಊರಿನ ಕಥೆ ನನಗೆ ಮುಖ್ಯ. ಊರಿನ ಸಗಣಿಯಿಂದ ಗೋಬರ್ ಗ್ಯಾಸ್ ತಯಾರಿಸಿ ಎಲ್ಲ ಮನೆಗಳಿಗೂ ಅಡುಗೆಗೆ ಕೊಡಬೇಕೆಂಬುದು ಮೊದಲ ಯೋಜನೆ. ಲೆಕ್ಕ ಕೂಡಲಿಲ್ಲ. ಊರಿನ ದನಗಳ ಸಗಣಿ ಊರಿನ ಒಲೆಗಳಿಗೆಲ್ಲ ಸಾಲುವಂತಿರಲಿಲ್ಲ. ಆದರೆ ದೀಪಕ್ಕೂ ನೀರೆತ್ತುವ ಪಂಪಿಗೂ ಅಡುಗೆಯಷ್ಟು ಶಕ್ತಿ ಬೇಕಿಲ್ಲ. ಹಾಗಾಗಿ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಹರಿಸಿದರು: ಒಳಗೆ ಹೋಗುವ ಗಾಳಿಯ ಜೊತೆ ಗ್ಯಾಸ್ ಸೇರುತ್ತದೆ, ಹೊತ್ತಿಸಲು ಒಂದಿಷ್ಟು ಡೀಸೆಲ್. 1987ರ ಹೊತ್ತಿಗೆ ಪುರದ ಮನೆಗಳಿಗೆ ಆ ಎಂಜಿನ್ನಿನಿಂದ ಬಂದ ಕರೆಂಟಿನಿಂದ ದೀಪ, ನಲ್ಲಿಯಲ್ಲಿ ನೀರು. ಜನ ಸಗಣಿ ತಂದು ತೂಗಿಸುತ್ತಿದ್ದರು, ತಂದದ್ದಕ್ಕೆ ಕಾಸು ಸಿಗುತ್ತಿತ್ತು. ಗ್ಯಾಸ್ ಬಿಟ್ಟು ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಬಸಿದು ಗೊಬ್ಬರವಾಗಿ ಅವರವರಿಗೇ ವಾಪಸು ಕೊಡುತ್ತಿದ್ದರು. ತಿಪ್ಪೆಗೆ ನಷ್ಟವಿಲ್ಲ ಎಂದು ಖಾತ್ರಿಯಾಗದೆ ಯಾವ ರೈತ ತಾನೇ ಸಗಣಿ ಬಿಟ್ಟುಕೊಟ್ಟಾನು?

ಈಗಿನ ಪ್ರಪೋಸಲ್ ನಮೂನೆಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಕಲಮು ಇರುತ್ತದಲ್ಲ, ಅಲ್ಲಿ ‘ಅಡುಗೆ ಅನಿಲ’ ಎಂದು ಬರೆದಿದ್ದರೆ ಪುರ ನಪಾಸು. ಹಣ ಕೊಟ್ಟವರು ಉತ್ತರವನ್ನು ಮೊದಲೇ ಬರೆಸಿಕೊಳ್ಳುವುದು ನನಗೆ ತೀರಾ ಅಸಂಬದ್ಧವಾಗಿ ಕಾಣುತ್ತದೆ. ಉತ್ತರ ಗೊತ್ತಿದ್ದವನಿಗೆ ಬೀಜಧನ ಏಕೆ, ಬ್ಯಾಂಕ್ ಸಾಲ ಸಾಕು.

ಸೌರಕೋಶದ ವಿಷಯದಲ್ಲೂ ಹೀಗೇ, ಉತ್ತರ ಮೊದಲೇ ಗೊತ್ತಿರಲಿಲ್ಲ. ಜಪಾನಿನ ವಿಜ್ಞಾನಿ ಮಿಯಾಸಾಕಾ ಅವರ ಪ್ರಯೋಗಾಲಯದಲ್ಲಿ ಕೊಜಿಮಾ ಎಂಬ ಸಂಶೋಧನಾ ವಿದ್ಯಾರ್ಥಿ ಪೆರೋವ್‌ಸ್ಕೈಟ್ ಎಂಬ ಹರಳುವಸ್ತು ಬಳಸಿ ಕೋಶ ಮಾಡಿದ. 2009ರಲ್ಲಿ ಪ್ರಕಟಿಸಿದಾಗ ದಕ್ಷತೆ ಕೇವಲ ಶೇಕಡಾ 3.8, ಸುತ್ತಲಿನ ದ್ರಾವಣವೇ ಅದನ್ನು ಬೇಗ ಕರಗಿಸುತ್ತಿತ್ತು. ಇವತ್ತು ಪ್ರಯೋಗಾಲಯದ ಕೋಶಗಳು ಶೇಕಡಾ 25 ದಾಟಿವೆ. ಬಾಳಿಕೆಯ ತಕರಾರು ಮಾತ್ರ ಇನ್ನೂ ಪೂರ್ತಿ ತೀರಿಲ್ಲ.

ನಮ್ಮಲ್ಲಿ ಇಂಥ ಬೀಜಧನಕ್ಕೆ ದಾರಿ ಇಲ್ಲವೆಂದಲ್ಲ. 1975ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಣ್ಣ ನೆರವು ಕೊಡುತ್ತ ಬಂದಿದೆ. ಕೆಲವು ಸಾವಿರ ರೂಪಾಯಿ ಅಷ್ಟೆ, ಆದರೆ ಕೇಳಿದವನ ಊರು, ಕಾಲೇಜು ದೊಡ್ಡದಾಗಿರಬೇಕಿಲ್ಲ. ಕೊರತೆ ಇರುವುದು ಅದರ ನಂತರದ ಮೆಟ್ಟಿಲಿಗೆ: ಮಾದರಿ ಓಡಿತು, ಮಾರ್ಕ್ಸ್ ಬಂತು, ಯಂತ್ರ ವರ್ಕ್‌ಶಾಪಿನ ಮೂಲೆ ಸೇರಿತು. ಎರಡು ಮಳೆಗಾಲ ಅದನ್ನು ಹೊಲದಲ್ಲಿ ಓಡಿಸಿ ನೋಡಲು ದುಡ್ಡಿಲ್ಲ.

ಕೊನೆಗೆ ಒಂದು ಬೇಡಿಕೆ. ಈ ಉಪನ್ಯಾಸ ನಡೆಸುವ ದತ್ತಿಯ ಬಡ್ಡಿಯಲ್ಲಿ ಹಾರ, ಶಾಲು, ನನ್ನ ಪ್ರಯಾಣದ ಖರ್ಚು ಕಳೆದು ಏನಾದರೂ ಉಳಿದರೆ (ಹಾರ, ಶಾಲು ಬಿಟ್ಟರೆ ಉಳಿದೀತು) ಒಬ್ಬ ವಿದ್ಯಾರ್ಥಿಗೆ ಗ್ಯಾಸ್ ಮೀಟರೋ ಥರ್ಮೋಕಪಲ್ಲೋ ಕೊಳ್ಳಲು ಕೊಡಿ. ಪ್ರಯೋಗ ಕೈಕೊಟ್ಟರೆ, ಯಾಕೆ ಕೈಕೊಟ್ಟಿತೆಂದು ನಾಲ್ಕು ಪುಟ ಬರೆಸಿ ಮುಂದಿನ ಉಪನ್ಯಾಸದ ಪುಸ್ತಿಕೆಯಲ್ಲೇ ಅಚ್ಚು ಹಾಕಿಸಿ. ಆಮೇಲೆ ಬರುವವನು ಅಲ್ಲಿಂದ ಶುರುಮಾಡುತ್ತಾನೆ.